ನಾಲ್ಕೂವರೆ

ಇಪ್ಪತ್ತೊಂಬತ್ತು ವರ್ಷ ಗೋಣಿಕೊಪ್ಪದ
ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಕೂತು
ಒಂದೇ ವಾಕ್ಯ ಬರೆದೆ:
ನಿಮ್ಮ ಮಣ್ಣು ಹುಳಿ. ಎಕರೆಗೆ ಇಷ್ಟು ಸುಣ್ಣ ಹಾಕಿ.
ಹಾರ್ಲಿಕ್ಸ್ ಬಾಟಲಿಯಲ್ಲಿ, ಮದುವೆ ಕಾಗದದ ಲಕೋಟೆಯಲ್ಲಿ,
ಒಮ್ಮೆ ಒಬ್ಬರು ಕೋವಿಯ ತೋಟಾ ಡಬ್ಬಿಯಲ್ಲಿ
ತಂದುಕೊಡುತ್ತಿದ್ದರು ತಮ್ಮ ತಮ್ಮ ನೆಲವನ್ನು.
ಬೆನ್ನ ಹಿಂದೆ ನನ್ನ ಹೆಸರು: ಸುಣ್ಣದ ಮೇಡಂ.

ಈಗ ಸುಂಟಿಕೊಪ್ಪದಲ್ಲಿ, ಅಡುಗೆಮನೆಯ ಹಿಂದೆ,
ನೀಲಿ ಡ್ರಮ್ಮೊಂದನ್ನು ಎರಡು ಹೋಳು ಮಾಡಿ
ಎರಡು ಬ್ಲೂಬೆರಿ ಗಿಡ ಇಟ್ಟಿದ್ದೇನೆ.
ಇವು ಕೇಳುವುದು ನಾಲ್ಕೂವರೆ.
ನಾನು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುತ್ತಿದ್ದ ಅಂಕಿ.

‘ಒಂದೇ ಜಾತಿ ಬೇಡ ಅಮ್ಮ’ ಎಂದಿದ್ದ ನರ್ಸರಿಯ ಹುಡುಗ,
‘ಬೇರೆ ಬೇರೆ ಇರಲಿ,
ಜೇನಿಗೂ ಹೋಗಿ ಬರಲು ಒಂದು ನೆಪ ಬೇಕಲ್ಲ.’

ಕೊಳವೆಬಾವಿಯ ನೀರು ಇವಕ್ಕೆ ಆಗದು.
ಕೆಟಲಿನ ತಳ ನೋಡಿ, ಬಿಳಿ ಪೊರೆ.
ನಾನು ಊರಿಗೆಲ್ಲ ಹಂಚಿದ ಸುಣ್ಣ
ನೆಲದೊಳಗಿಂದ ನನ್ನ ಚಹಾಕ್ಕೆ ವಾಪಸು ಬಂದಿದೆಯೋ ಏನೋ.
ಸೂರಿನ ನೀರು ಹಿಡಿದು ಮುಚ್ಚಿಡುತ್ತೇನೆ,
ಮಾರ್ಚಿನಲ್ಲಿ ಲೋಟದಲ್ಲಿ ಅಳೆದು ಕೊಡುತ್ತೇನೆ,
ಮನೆಗೆ ಬಂದ ಸಂಬಂಧಿಕರಿಗೆ ಅಷ್ಟು ಕೊಟ್ಟಿಲ್ಲ.

ಚರ್ಚಿನ ಗಂಟೆ ಹೊಡೆಯುವ ಲಾರೆನ್ಸ್
ಕಾಂಪೌಂಡಿನ ಪೈನ್ ಮರದ ಸೂಜಿಯೆಲೆ
ಗೋಣಿಯಲ್ಲಿ ತುಂಬಿ ತರುತ್ತಾನೆ.
ಅದನ್ನು ಬುಡಕ್ಕೆ ಹಾಸಬೇಕು. ಕೆದಕಬಾರದು:
ಬೇರು ಆಳಕ್ಕೆ ಹೋಗುವುದಿಲ್ಲ, ಮೇಲೆ ಮೇಲೆಯೇ
ಕೂದಲಿನ ಹಾಗೆ ಹರಡಿಕೊಂಡಿರುತ್ತದೆ.
ಆಟಿಯ ಮಳೆಗೆ ಕೊಳೆಯದಿರಲೆಂದು
ಡ್ರಮ್ಮಿನಡಿ ಮುರಕಲ್ಲು ಕೊಟ್ಟು ಎತ್ತಿಟ್ಟಿದ್ದೇನೆ.
ವರ್ಷಕ್ಕೆ ಒಂದು ಚಮಚ ಗಂಧಕ,
ತೂಕ ಮಾಡಿಯೇ. ಕೈ ಹಳೆಯದು, ತಕ್ಕಡಿಯೂ.

ಮೊದಲ ವರ್ಷದ ಹೂ ಕೀಳಬೇಕಂತೆ.
ಗಿಡ ಮೊದಲು ತನ್ನನ್ನು ಕಟ್ಟಿಕೊಳ್ಳಲಿ ಎಂದು.
ಅದೇ ವಾರ ಹೂಮಳೆ ಬಿತ್ತು.
ಹಾರಂಗಿಯ ತನಕ ಕಾಫಿ ಬೆಳ್ಳಗೆ ಅರಳಿ
ಜನ ಬೈಕು ನಿಲ್ಲಿಸಿ ನಿಲ್ಲಿಸಿ ಮೂಸುತ್ತಿದ್ದರು.
ನಾನು ಹಿತ್ತಿಲಲ್ಲಿ ಮೊಣಕಾಲೂರಿ
ಅಕ್ಕಿಕಾಳಿನಷ್ಟು ಗಂಟೆಗಳನ್ನು ಒಂದೊಂದಾಗಿ ಚಿವುಟುತ್ತಿದ್ದೆ.
ಮಡಿಲು ತುಂಬಿತು. ಎಲ್ಲಿ ಚೆಲ್ಲುವುದೆಂದು ತಿಳಿಯಲಿಲ್ಲ.
ಲಾರೆನ್ಸ್ ಗೋಣಿ ಇಳಿಸಿ ನೋಡುತ್ತ ನಿಂತ,
‘ಒಂದು ಗೊಂಚಲಾದರೂ ಬಿಡಿ ಮೇಡಂ.’

ಬಿಟ್ಟೆ. ಪುಸ್ತಕಕ್ಕೆ ವಿರುದ್ಧ
ನಾನು ಮಾಡಿದ ಮೊದಲ ಕೆಲಸ.

ಐದು ಕಾಯಿ. ಹಸಿರು, ಆಮೇಲೆ ಜ್ವರ ಬಂದಂಥ ಕೆಂಪು,
ಆಮೇಲೆ ಒಂದು ಬೆಳಿಗ್ಗೆ ನೀಲಿ,
ಮೇಲೆ ಉಸಿರು ಬಿಟ್ಟ ಕನ್ನಡಿಯ ಮಸುಕು.
ನೀಲಿಯಾದ ಕೂಡಲೇ ಕೀಳಬೇಡಿ, ಇನ್ನೊಂದು ವಾರ ಕಾಯಿರಿ.
ಪಿಕಳಾರಕ್ಕೆ ಈ ನಿಯಮ ಗೊತ್ತಿರಲಿಲ್ಲ.
ಎರಡು ಹೋದವು.

ಉಳಿದ ಮೂರರಲ್ಲಿ ಒಂದು ಲಾರೆನ್ಸನಿಗೆ.
ಅವನು ಕಣ್ಣು ಮುಚ್ಚಿ ತಿಂದ, ಏನೂ ಹೇಳಲಿಲ್ಲ.
ಒಂದು ನನಗೆ. ಸಿಹಿ ಅಂದರೆ ಸುಳ್ಳು.
ಸಿಹಿಯ ಹಿಂದೆ ಬಾಗಿಲು ಓರೆ ಮಾಡಿ ನಿಂತ ಹುಳಿ.
ಮೂರನೆಯದನ್ನು, ರಸ್ತೆಯಲ್ಲಿ ಹೋಗುತ್ತಿದ್ದ
ಚಂಗಪ್ಪನವರನ್ನು ಕರೆದು ಕೊಟ್ಟೆ.
ತೋಟಾ ಡಬ್ಬಿಯಲ್ಲಿ ಮಣ್ಣು ತಂದವರು ಇವರೇ.
ಅಗಿದರು, ಯೋಚಿಸಿದರು,
‘ಸಾಲದು,’ ಎಂದರು, ‘ಒಂದು ಹನಿ ಕಾಚಂಪುಳಿ ಬೇಕಿತ್ತು.’

ಆಮೇಲೆ ಬೇಲಿಗೆ ಒರಗಿ, ಹಳೆಯ ಅಭ್ಯಾಸ,
‘ನಮ್ಮ ಕೆಳಗಿನ ತೋಟಕ್ಕೆ ಈ ಸಲ ಎಷ್ಟು ಹಾಕಲಿ?’
ಹೇಳಿದೆ. ಕಾಫಿಯ ಲೆಕ್ಕ ಕಾಫಿಗೆ.
ಪಿಕಪ್ಪು ಹತ್ತುವಾಗ ಮಾತ್ರ ಕೂಗಿ ಹೇಳಿದೆ:
ಸುಣ್ಣದ ಖಾಲಿ ಚೀಲ
ನನ್ನ ಗೇಟಿನ ಹತ್ತಿರ ಕೊಡವಬೇಡಿ.